ಶ್ವಾಸಕೋಶದಲ್ಲಿ ರಕ್ತದ ಹೆಪ್ಪು: ‘ಪರ್ಟ್’ ತಂಡದ ಚಿಕಿತ್ಸೆ ಹೇಗೆ?

ಕಾಲಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕಳಚಿ ಬಂದು ಶ್ವಾಸಕೋಶದ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಅದು ಪಲ್ಮನರಿ ಎಂಬಾಲಿಸಂ. ಹೃದ್ರೋಗ, ಶ್ವಾಸಕೋಶ, ಐಸಿಯು, ರೇಡಿಯಾಲಜಿ ತಜ್ಞರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾ ಹೋದರೆ ಹೊತ್ತು ಮೀರುತ್ತದೆ. ಇವರೆಲ್ಲ ಒಂದೇ ಕರೆಗೆ ಸೇರುವ ‘ಪರ್ಟ್’ (ಪಲ್ಮನರಿ ಎಂಬಾಲಿಸಂ ರೆಸ್ಪಾನ್ಸ್ ಟೀಮ್) ತಂಡವನ್ನು 2012ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಆರಂಭಿಸಿತು.

ಮೊದಲು ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್, ಆಮೇಲೆ ಕರೆ. ಅನುಮಾನ ಬಲವಾಗಿದ್ದು ರಕ್ತಸ್ರಾವದ ಭಯ ಇಲ್ಲದಿದ್ದರೆ ಸಿಟಿ ವರದಿಗೆ ಕಾಯಬಾರದು. ಡ್ರಿಪ್‌ನಲ್ಲಿ ಕೊಡುವುದಾದರೆ ಕೆ.ಜಿ.ಗೆ 80 ಯೂನಿಟ್ ಒಮ್ಮೆಗೇ, ಬಳಿಕ ಗಂಟೆಗೆ 18 ಯೂನಿಟ್. 60 ಕೆ.ಜಿ. ತೂಕದವರಿಗೆ 4,800, ನಂತರ ಗಂಟೆಗೆ 1,080. ತೂಕ ನೋಡದೆ ಎಲ್ಲರಿಗೂ 5,000 ಕೊಟ್ಟರೆ 90 ಕೆ.ಜಿ.ಯವರಿಗೆ ಸಾಲದು.

ಕರೆ ಮಾಡುವವರ ಕೈಯಲ್ಲಿ ಬಿಪಿ, ನಾಡಿ, ಆಮ್ಲಜನಕದ ಮಟ್ಟ, ಟ್ರೋಪೊನಿನ್ (ಹೃದಯಕ್ಕೆ ಪೆಟ್ಟಾದರೆ ರಕ್ತದಲ್ಲಿ ಏರುವ ಪ್ರೋಟೀನ್), ಎಕೋ ಅಥವಾ ಸಿಟಿಯಲ್ಲಿ ಬಲ ಹೃತ್ಕುಕ್ಷಿಯ ಗಾತ್ರ ಸಿದ್ಧವಿರಲಿ. ಇತ್ತೀಚೆಗೆ ಶಸ್ತ್ರಚಿಕಿತ್ಸೆಯೋ ಪಾರ್ಶ್ವವಾಯುವೋ ಆಗಿತ್ತೇ ಎಂಬುದನ್ನು ಮನೆಯವರನ್ನು ಕೇಳಿಯೇ ಫೋನ್ ಎತ್ತಬೇಕು. ಮುಂದಿನ ತೀರ್ಮಾನ ನಿಂತಿರುವುದೇ ಆ ಉತ್ತರದ ಮೇಲೆ.

ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದು 15 ನಿಮಿಷವಾದರೂ ಏರದಿದ್ದರೆ, ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ 100 ಮಿ.ಗ್ರಾಂ. ಎರಡು ಗಂಟೆಯಲ್ಲಿ. ನಿನ್ನೆಯಷ್ಟೇ ಆಪರೇಷನ್ ಆದವರಿಗೆ ಅದು ಅಪಾಯ. ಅವರಿಗೆ ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ ಕ್ಯಾತಿಟರ್‌ನಿಂದ ಹೆಪ್ಪು ಹೀರಿ ತೆಗೆಯುವುದು ಅಥವಾ ಶಸ್ತ್ರಚಿಕಿತ್ಸೆ.

ಕಷ್ಟವಿರುವುದು ನಡುವಿನವರಲ್ಲಿ: ಬಿಪಿ ಸರಿಯಿದೆ, ಆದರೆ ಬಲ ಹೃತ್ಕುಕ್ಷಿ ಹಿಗ್ಗಿದೆ, ಟ್ರೋಪೊನಿನ್ ಏರಿದೆ. ಇಂಥವರಿಗೆ ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಕೊಟ್ಟು ನೋಡಿದ, 2014ರಲ್ಲಿ ಪ್ರಕಟವಾದ ‘ಪೈಥೊ’ ಅಧ್ಯಯನದಲ್ಲಿ ಸ್ಥಿತಿ ಕುಸಿದವರು ಕಡಿಮೆಯಾದರು, ಆದರೆ ಮಿದುಳಿನಲ್ಲಿ ರಕ್ತಸ್ರಾವ 2% ಮಂದಿಗಾಯಿತು. ಹೆಪಾರಿನ್ ಮಾತ್ರ ಪಡೆದವರಲ್ಲಿ 0.2%. ಹಾಗಾಗಿ ಹೆಪಾರಿನ್ ಮುಂದುವರಿಸಿ ಐಸಿಯುನಲ್ಲಿ ಕಣ್ಣಿಟ್ಟು ಕಾಯುವುದೇ ಸರಿ. ಬಿಪಿ ಇಳಿಯತೊಡಗಿದರೆ ತಂಡಕ್ಕೆ ಮತ್ತೆ ಕರೆ.

ಬಿಪಿ ಇಳಿದ ಕೂಡಲೇ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸುವುದು ದೊಡ್ಡ ತಪ್ಪು. ಮೊದಲೇ ಹಿಗ್ಗಿರುವ ಬಲ ಹೃತ್ಕುಕ್ಷಿ ಇನ್ನಷ್ಟು ಉಬ್ಬಿ, ನಡುಗೋಡೆಯನ್ನು ಎಡಕ್ಕೆ ಒತ್ತುತ್ತದೆ. ಎಡಭಾಗ ತುಂಬುವುದು ಕಡಿಮೆಯಾಗಿ ಬಿಪಿ ಮತ್ತೂ ಕುಸಿಯುತ್ತದೆ. 500 ಮಿ.ಲೀ. ದಾಟದೆ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಶುರುಮಾಡುವುದು ಕ್ಷೇಮ. ಅವಸರದಲ್ಲಿ ವೆಂಟಿಲೇಟರ್‌ಗೆ ಹಾಕುವಾಗಲೂ ಹೃದಯ ನಿಲ್ಲಬಹುದು.

ಮನೆಗೆ ಕಳಿಸುವಾಗ ಚೀಟಿಯಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯ ಹೆಸರಷ್ಟೇ ಸಾಲದು. ಕನಿಷ್ಠ 3 ತಿಂಗಳು ನಿಲ್ಲಿಸಬಾರದೆಂದೂ ಬರೆಯಬೇಕು. ಮೂರು ತಿಂಗಳ ಮೇಲೂ ಮೆಟ್ಟಿಲು ಹತ್ತಲು ಏದುಸಿರು ಬಂದರೆ ಎಕೋ, ವಿ/ಕ್ಯೂ ಸ್ಕ್ಯಾನ್ (ಶ್ವಾಸಕೋಶದಲ್ಲಿ ಗಾಳಿ, ರಕ್ತದ ಹರಿವು ನೋಡುವ ಪರೀಕ್ಷೆ) ಮಾಡಿಸಿ, ಹಳೆಯ ಹೆಪ್ಪು ಉಳಿದಿದೆಯೇ ನೋಡಬೇಕು.