ಸಂಗೀತ ತಂತ್ರಜ್ಞಾನದಲ್ಲಿ ಪಿಎಚ್‌.ಡಿ.: ಅರ್ಜಿಗೂ ಮುನ್ನ ಒಂದು ಪ್ರಶ್ನೆ

ಬೆಳಿಗ್ಗೆ ತಂಬೂರಿ ಆ್ಯಪ್ ಹಚ್ಚಿಕೊಂಡು ಸಾಧನೆ ಮಾಡಿ, ಒಂಬತ್ತಕ್ಕೆ ಸಾಫ್ಟ್‌ವೇರ್ ಕಂಪನಿಯ ಬಸ್ ಹತ್ತುವವರು ಬೆಂಗಳೂರಿನಲ್ಲಿ ಬಹಳ ಮಂದಿ. ಈ ಎರಡೂ ವಿದ್ಯೆಗಳನ್ನು ಒಟ್ಟಿಗೆ ದುಡಿಸಿಕೊಳ್ಳುವ ಓದು ಇದೆಯೇ ಎಂದು ಕೆಲವರು ಕೇಳುತ್ತಾರೆ. ಇದೆ. ಆದರೆ ವಿಶ್ವವಿದ್ಯಾಲಯಗಳ ಪಟ್ಟಿ ಹಿಡಿದು ಹೊರಡಬೇಡಿ, ಮೊದಲು ಪ್ರಶ್ನೆ ಹುಡುಕಿ.

ಹುಡುಕುವ ಬಗೆ ಹೀಗೆ. ಸೋನಿಕ್ ವಿಶುವಲೈಸರ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಳ್ಳಿ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು ಇದು. ನಿಮ್ಮದೇ ದನಿಯಲ್ಲಿ ಒಂದು ನಿಮಿಷ ತೋಡಿ ರಾಗದ ಆಲಾಪನೆ ಮುದ್ರಿಸಿ, ಸ್ವರದ ಎತ್ತರ ಅಳೆಯುವ ಪಿಯಿನ್ (pYIN) ಎಂಬ ಪ್ಲಗಿನ್ ಸೇರಿಸಿ, ಸ್ವರದ ಏರಿಳಿತದ ಗೆರೆ ಬರೆಸಿ. ಗಾಂಧಾರ ಬರುವ ಕಡೆ ಕಣ್ಣಿಡಿ. ನೀವು ಹಾಡಿದ್ದು ಗಾಂಧಾರವೇ; ಗೆರೆ ಮಾತ್ರ ರಿಷಭ, ಮಧ್ಯಮಗಳ ನಡುವೆ ಉಯ್ಯಾಲೆಯಾಡುತ್ತಿರುತ್ತದೆ, ತನ್ನ ಸ್ಥಾನದಲ್ಲಿ ನಿಲ್ಲುವುದೇ ಅಪರೂಪ. ಹಾಗಾದರೆ ಕಿವಿಗೆ ಗಾಂಧಾರ ಕೇಳಿಸಿದ್ದು ಹೇಗೆ? ಅದನ್ನು ಕಂಪ್ಯೂಟರಿಗೆ ಕಲಿಸುವುದು ಹೇಗೆ? ಇನ್ನು ಕಛೇರಿಯ ಧ್ವನಿಮುದ್ರಿಕೆ ಹಾಕಿದರೆ ಬೇರೆಯೇ ತಕರಾರು: ಗಾಯಕಿ ಉಸಿರೆಳೆದುಕೊಂಡ ಕೂಡಲೇ ಗೆರೆ ಪಿಟೀಲಿನ ಬೆನ್ನು ಹತ್ತುತ್ತದೆ. ಇಂಥ ಯಾವುದಾದರೊಂದು ನಿಮ್ಮ ನಿದ್ದೆಗೆಡಿಸಿದರೆ ವಿಷಯ ಸಿಕ್ಕಿತೆಂದೇ ಲೆಕ್ಕ.

ಇದು ಹೊಸ ಹುಚ್ಚೇನಲ್ಲ. ಮೃದಂಗದ ಕರಣೆಯಿಂದಾಗಿ, ಅಂದರೆ ಬಲಮುಖದ ನಡುವಿನ ಕಪ್ಪು ಲೇಪದಿಂದಾಗಿ, ಅದರ ನಾದಕ್ಕೆ ತಂತಿವಾದ್ಯದಂಥ ಹೊಂದಾಣಿಕೆ ಬರುತ್ತದೆಂದು ಸಿ.ವಿ. ರಾಮನ್ ಸಂಗಡಿಗರೊಬ್ಬರೊಡನೆ ಬರೆದದ್ದು 1920ರಲ್ಲಿ.

ಮುಂದಿನ ಹೆಜ್ಜೆ, ಆಗಲೇ ಆಗಿಹೋದ ಕೆಲಸವನ್ನು ಓದುವುದು. ಕಂಪ್ಯೂಟರಿನಿಂದ ಸಂಗೀತವನ್ನು ವಿಶ್ಲೇಷಿಸುವವರು ಸೇರುವ, 2000ದಲ್ಲಿ ಶುರುವಾದ ಇಸ್ಮಿರ್ (ISMIR) ಸಮ್ಮೇಳನದ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. 2022ರಲ್ಲಿ ಅದು ಬೆಂಗಳೂರಿನಲ್ಲೇ ನಡೆಯಿತು. ಬಾರ್ಸಿಲೋನಾದ ಪೊಂಪೆವ್ ಫಾಬ್ರಾ ವಿಶ್ವವಿದ್ಯಾಲಯದವರು 2011ರಲ್ಲಿ ಆರಂಭಿಸಿದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ, ಹಿಂದೂಸ್ತಾನಿ ಸಂಗೀತಗಳನ್ನೂ ಎತ್ತಿಕೊಂಡಿತ್ತು. ಅದರಿಂದ ಬಂದ 'ಸರಗ' ಸಂಗ್ರಹದಲ್ಲಿ ಶ್ರುತಿ ಮತ್ತು ಸಮ (ತಾಳದ ಆವರ್ತ ಶುರುವಾಗುವ ಜಾಗ) ಗುರುತಿಸಿದ ಧ್ವನಿಮುದ್ರಿಕೆಗಳಿವೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯನ್ನೂ ಅದರಲ್ಲಿ ಧ್ವನಿ ವಿಶ್ಲೇಷಣೆಗೆಂದೇ ಇರುವ ಲಿಬ್ರೋಸಾ ಎಂಬ ಸಾಧನವನ್ನೂ ಕಲಿತು ಅವುಗಳ ಮೇಲೆ ಕೈ ಪಳಗಿಸಿ.

ಈಗ ಊರಿನ ಮಾತು. ನಮ್ಮಲ್ಲಿ ಬಾಂಬೆ, ಮದ್ರಾಸ್ ಐಐಟಿಗಳಲ್ಲಿ ಈ ಬಗೆಯ ಸಂಶೋಧನೆ ನಡೆದಿದೆ, ಆದರೆ ಪದವಿ ಸಿಗುವುದು ಎಲೆಕ್ಟ್ರಿಕಲ್ ಅಥವಾ ಕಂಪ್ಯೂಟರ್ ವಿಭಾಗದ ಹೆಸರಿನಲ್ಲಿ. ಹಾಗಾಗಿ ಸಂಗೀತದಲ್ಲಷ್ಟೇ ಎಂ.ಎ. ಮಾಡಿದವರಿಗೆ ಆ ಬಾಗಿಲು ಕಿರಿದು. ಅಂಥವರು ಕೆನಡಾದ ಮೆಕ್‌ಗಿಲ್ ನೋಡಬಹುದು. ಅಲ್ಲಿ ಈ ಓದು ಇರುವುದು ಸಂಗೀತ ಶಾಲೆಯೊಳಗೆ. ಆದರೂ ಗಣಿತದಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್‌ನಲ್ಲಿ ಸಂಗೀತ ತಂತ್ರಜ್ಞಾನದ ಹೆಸರಿನಲ್ಲೇ ಪಿಎಚ್‌.ಡಿ. ಇದೆ.

ದುಡ್ಡಿನ ವಿಚಾರಕ್ಕೆ ಸಂಕೋಚ ಬೇಡ. ಇಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರಿಗೆ ಕೊಡುವ ಫೆಲೋಶಿಪ್) 2023ರಿಂದ ತಿಂಗಳಿಗೆ 37,000 ರೂಪಾಯಿ. ವಿದೇಶದಲ್ಲಿ ಶುಲ್ಕ ಮಾಫಿ ಮತ್ತು ಭತ್ಯೆ ಎರಡೂ ಇಲ್ಲದ ಸೀಟು ಬಂದರೆ, ನನ್ನನ್ನು ಕೇಳಿದರೆ, ಸಾಲ ಮಾಡಿ ಹೋಗುವುದು ಬೇಡ.

ಮಾರ್ಗದರ್ಶಕರಿಗೆ ಇ–ಮೇಲ್ ಬರೆಯುವಾಗ 'ಚಿಕ್ಕಂದಿನಿಂದಲೂ ನನಗೆ ಸಂಗೀತವೆಂದರೆ ಪ್ರಾಣ' ಎಂದು ಶುರು ಮಾಡಬೇಡಿ. ಅಂಥ ಪತ್ರ ಎಲ್ಲರೂ ಬರೆಯುತ್ತಾರೆ. 'ನಿಮ್ಮ ಇಂಥ ಪ್ರಬಂಧದ ವಿಧಾನವನ್ನು ಹತ್ತು ತೋಡಿ ಆಲಾಪನೆಗಳ ಮೇಲೆ ಪ್ರಯೋಗಿಸಿದೆ. ಮೂರರಲ್ಲಿ ಅದು ಪಿಟೀಲನ್ನೇ ಹಾಡುಗಾರಿಕೆ ಎಂದುಕೊಂಡಿತು. ಕಾರಣ ಇದಿರಬಹುದೇ?' ಎಂದು ಬರೆದು, ಮಾಡಿದ ಕೆಲಸದ ಕೊಂಡಿ ಕೊಡಿ. ಮೂರು ಸಾಲು ಸಾಕು.

ಅಮೆರಿಕದ ಅರ್ಜಿಗಳ ಗಡುವು ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸಿನಲ್ಲಿ ಮುಗಿಯುತ್ತದೆ, ಮೂರು ಶಿಫಾರಸು ಪತ್ರಗಳೂ ಬೇಕಾಗುತ್ತವೆ. ಕಾಲೇಜಿನ ಪ್ರಾಧ್ಯಾಪಕರನ್ನು ದಸರಾ ರಜೆಗೂ ಮುಂಚೆಯೇ ಹೋಗಿ ಕಾಣಿ.