"ಆಗುವುದಿಲ್ಲ" ಎಂದರೆ ಅದನ್ನೇ ಬರೆದು ಕೊಡಿ: ಫ್ರಾಂಕ್‌ಫರ್ಟ್‌ನಿಂದ ಉಡುಪಿಗೆ ಬಂದ ನನ್ನ ಅನುಭವ

ಮಂಗಳೂರಿಗೆ ಯುರೋಪಿನಿಂದ ನೇರ ವಿಮಾನ ಇಲ್ಲ. ಅಲ್ಲಿನ ಬಜಪೆ ನಿಲ್ದಾಣದಲ್ಲಿ ಇಳಿಯುವ ವಿದೇಶಿ ವಿಮಾನಗಳು ಹೆಚ್ಚಾಗಿ ದುಬೈ, ಅಬುಧಾಬಿ, ದಮಾಮ್ ಕಡೆಯವು. ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುವ ನಮ್ಮೂರಿನವರು ಮುಂಬೈ ಅಥವಾ ಬೆಂಗಳೂರಿನಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯಬೇಕು. ಕಷ್ಟ ಶುರುವಾಗುವುದು ಅಲ್ಲೇ. ಮೊದಲ ವಿಮಾನ ತಡವಾದರೆ ಎರಡನೆಯದು ತಪ್ಪುತ್ತದೆ. ಆಮೇಲೆ ಯಾವ ಕೌಂಟರ್‌ಗೆ ಹೋದರೂ "ಅದು ನಮ್ಮದಲ್ಲ, ಅವರನ್ನು ಕೇಳಿ" ಎಂಬ ಉತ್ತರ.

ಅಮ್ಮನನ್ನು ಕರೆದುಕೊಂಡು ಬರುವಾಗ ನಮಗೂ ಹೀಗೇ ಆಯಿತು. ಅಮ್ಮ ಮಗುವನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬಂದಿದ್ದರು. ಪತ್ತನಾಜೆಗೆ, ಅಂದರೆ ವರ್ಷದ ನೇಮಗಳು ಮುಗಿಯುವ ದಿನಕ್ಕೆ, ಮೊದಲು ಊರಿನಲ್ಲಿ ಕುಟುಂಬದ ದೈವದ ನೇಮ (ದೈವಾರಾಧನೆಯ ಉತ್ಸವ) ಇತ್ತು, ಅದಕ್ಕೆ ಮುಟ್ಟಬೇಕು ಅಂತ ಹೊರಟಿದ್ದು. ಮುಟ್ಟಲಿಲ್ಲ. ಪರಿಹಾರದ ಹಣ ಮಾತ್ರ ಕೊನೆಗೆ ಬಂತು. ಅದು ಹೇಗೆ ಬಂತು ಎಂದು ಬಿಡಿಸಿ ಬರೆಯುತ್ತೇನೆ, ಏಕೆಂದರೆ ನಮ್ಮ ಕಡೆ ತುಂಬ ಜನ ಬೈದುಕೊಂಡು, ಸುಮ್ನೆ ಹೊಸ ಟಿಕೆಟ್ ತೆಗೆದು ಮನೆಗೆ ಹೋಗಿಬಿಡುತ್ತಾರೆ.

ಮೊದಲು ಟಿಕೆಟ್ ವಿಷಯ. ಫ್ರಾಂಕ್‌ಫರ್ಟ್‌ನಿಂದ ಮುಂಬೈ, ಮುಂಬೈಯಿಂದ ಮಂಗಳೂರು, ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಲ್ಲಿ ತೆಗೆದಿದ್ದೆ. ಬೇರೆ ಬೇರೆ ತೆಗೆದಿದ್ದರೆ ಸ್ವಲ್ಪ ಅಗ್ಗವಾಗುತ್ತಿತ್ತು. ಆದರೆ ಬೇರೆ ಬೇರೆ ಟಿಕೆಟ್ ಎಂದರೆ ಎರಡು ಬೇರೆ ಒಪ್ಪಂದ. ಒಂದು ತಡವಾಗಿ ಇನ್ನೊಂದು ತಪ್ಪಿದರೆ ನಷ್ಟ ಪ್ರಯಾಣಿಕರದ್ದೇ. ಒಂದೇ ಪಿಎನ್‌ಆರ್ ಇದ್ದರೆ ಕೊನೆಯ ಊರಿನವರೆಗೆ ಮುಟ್ಟಿಸುವ ಹೊಣೆ ವಿಮಾನ ಸಂಸ್ಥೆಯ ಮೇಲಿರುತ್ತದೆ. ನನ್ನ ಇಡೀ ವಾದ ನಿಂತದ್ದು ಇದರ ಮೇಲೆ. ಗಲ್ಫ್ ಮೂಲಕ ಬರುವವರೂ ಇದನ್ನು ನೋಡಿಕೊಳ್ಳಬೇಕು. ಲಂಡನ್–ದುಬೈ ಒಂದು, ದುಬೈ–ಮಂಗಳೂರು ಇನ್ನೊಂದು ಅಂತ ತೆಗೆಯುವವರು ಜಾಸ್ತಿ.

ಫ್ರಾಂಕ್‌ಫರ್ಟ್‌ನಲ್ಲಿ ಹೊರಡುವ ಹೊತ್ತು ಮೀರಿದ ಮೇಲೆ "ತಾಂತ್ರಿಕ ತೊಂದರೆ" ಎಂದು ಘೋಷಿಸಿದರು. ಮತ್ತೆ ಅರ್ಧ ಗಂಟೆ, ಮತ್ತೆ ಒಂದು ಗಂಟೆ ಅಂತ ಮುಂದೂಡುತ್ತಾ ಹೋದರು. ಯುರೋಪಿನಲ್ಲಿ 261/2004 ಎಂಬ ನಿಯಮ ಇದೆ. ಐರೋಪ್ಯ ಒಕ್ಕೂಟದ ವಿಮಾನ ನಿಲ್ದಾಣದಿಂದ ಹೊರಡುವ ಯಾವ ದೇಶದ ವಿಮಾನಕ್ಕೂ ಅದು ಅನ್ವಯ. ಎರಡು ಗಂಟೆ ತಡವಾದರೆ ಪ್ರಯಾಣಿಕರ ಹಕ್ಕುಗಳನ್ನು ತಿಳಿಸುವ ಬರಹವನ್ನು ಅವರೇ ಕೈಗೆ ಕೊಡಬೇಕು. 3,500 ಕಿಲೋಮೀಟರ್‌ಗಿಂತ ದೂರದ ವಿಮಾನ ನಾಲ್ಕು ಗಂಟೆ ತಡವಾಗುವಂತಿದ್ದರೆ ಊಟ, ಕುಡಿಯಲು ಏನಾದರೂ ಕೊಡಬೇಕು. ನಮ್ಮ ಗೇಟಿನಲ್ಲಿ ಎರಡೂ ತಾನಾಗಿ ಸಿಗಲಿಲ್ಲ. ನಾನು ಹೋಗಿ ನಿಯಮದ ಸಂಖ್ಯೆ ಹೇಳಿ ಕೇಳಿದೆ. ಆಗ ಡ್ರಾಯರ್‌ನಿಂದ ಆ ಹಾಳೆ ಹೊರಗೆ ಬಂತು. ತಡಕ್ಕೆ ಕಾರಣ "ತಾಂತ್ರಿಕ" ಎಂದು ಅದರ ಮೇಲೆ ಬರೆಸಿ ಸೀಲ್ ಹಾಕಿಸಿಕೊಂಡೆ. ಪಕ್ಕದಲ್ಲಿ ಕುಂದಾಪುರದ ಒಂದು ಕುಟುಂಬ ಇತ್ತು. ಅವರಿಗೂ ಕೊಡಿಸಿದೆ.

ಈಗ ಅಮ್ಮನ ವ್ಹೀಲ್‌ಚೇರ್. ಇದನ್ನು ಬರೆಯುವಾಗ ಇವತ್ತಿಗೂ ಸಿಟ್ಟು ಬರುತ್ತದೆ. ಅಮ್ಮನಿಗೆ ಮಂಡಿನೋವು. ಸಮತಟ್ಟಿನಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಾರೆ, ಮೆಟ್ಟಿಲು ಹತ್ತಲಾರರು. ಬುಕಿಂಗ್ ಆದ ಕೂಡಲೇ ಫೋನ್ ಮಾಡಿ "ಮೆಟ್ಟಿಲು ಆಗುವುದಿಲ್ಲ" ಎಂದು ಸ್ಪಷ್ಟವಾಗಿ ಹೇಳಿದ್ದೆ. ವಿಮಾನದವರ ಭಾಷೆಯಲ್ಲಿ ವ್ಹೀಲ್‌ಚೇರ್‌ಗೆ ಮೂರು ಗುರುತುಗಳಿವೆ. ಡಬ್ಲ್ಯುಸಿಎಚ್‌ಆರ್ ಎಂದರೆ ದೂರ ನಡೆಯಲಾರರು, ಮೆಟ್ಟಿಲು ಹತ್ತಬಲ್ಲರು. ಡಬ್ಲ್ಯುಸಿಎಚ್‌ಎಸ್ ಎಂದರೆ ಮೆಟ್ಟಿಲೂ ಹತ್ತಲಾರರು. ಡಬ್ಲ್ಯುಸಿಎಚ್‌ಸಿ ಎಂದರೆ ಸೀಟಿನವರೆಗೂ ಕರೆದೊಯ್ಯಬೇಕು. ಫೋನಿನಲ್ಲಿದ್ದವರು ನಮೂದಿಸಿದ್ದು ಮೊದಲನೆಯದನ್ನು. ಹೀಗಾಗಿ ವಿಮಾನದ ಹತ್ತಿರ ಬಸ್ಸಿನಿಂದ ಇಳಿದಾಗ ಅಮ್ಮನ ಎದುರಿಗೆ ಇದ್ದದ್ದು ಮೆಟ್ಟಿಲು. ಲಿಫ್ಟ್ ಇರುವ ವಾಹನ ಕೇಳಿದರೆ "ನಿಮ್ಮ ಟಿಕೆಟ್‌ನಲ್ಲಿ ಇಲ್ಲ" ಎಂದರು. ಮೊದಲೇ ತಡವಾಗಿದೆ, ಹಿಂದೆ ಜನ ನಿಂತಿದ್ದಾರೆ. ಅಮ್ಮ "ಬೇಡ ಮಗ, ಹತ್ತುತ್ತೇನೆ" ಎಂದು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ವಯಸ್ಸಾದ ತಂದೆ ತಾಯಿಯನ್ನು ಕರೆತರುವವರು ವಿಮಾನ ಸಂಸ್ಥೆಯಿಂದ ಬಂದ ಇಮೇಲ್‌ನಲ್ಲಿ ಆ ಕೊನೆಯ ಅಕ್ಷರ ಯಾವುದಿದೆ ಅಂತ ಓದಿ. ತಪ್ಪಿದ್ದರೆ ಪ್ರಯಾಣಕ್ಕೆ 48 ಗಂಟೆ ಮೊದಲೇ ಇಮೇಲ್‌ನಲ್ಲಿ ತಿದ್ದಿಸಿ. ಫೋನಿನಲ್ಲಿ ಹೇಳಿದ ಮಾತಿಗೆ ಆಮೇಲೆ ದಾಖಲೆ ಸಿಗುವುದು ಕಷ್ಟ.

ಮುಂಬೈಯಲ್ಲಿ ವಿಮಾನದ ಬಾಗಿಲು ತೆರೆದ ಕ್ಷಣಕ್ಕೆ ಮೊಬೈಲ್‌ನಲ್ಲಿ ಸಮಯ ಕಾಣುವಂತೆ ಫೋಟೊ ತೆಗೆದೆ. ವಿಮಾನ "ಬಂತು" ಎನ್ನುವುದಕ್ಕೆ ಲೆಕ್ಕ ಚಕ್ರ ನೆಲ ಮುಟ್ಟಿದ ಹೊತ್ತಲ್ಲ, ಬಾಗಿಲು ತೆರೆದ ಹೊತ್ತು. ಐರೋಪ್ಯ ನ್ಯಾಯಾಲಯ 2014ರಲ್ಲೇ ಹಾಗೆ ಹೇಳಿದೆ. ಪರಿಹಾರಕ್ಕೆ ಬೇಕಾದಷ್ಟು ತಡ ಆಯಿತೋ ಇಲ್ಲವೋ ಎಂಬ ಅಂಚಿನಲ್ಲಿರುವ ಪ್ರಕರಣಗಳಲ್ಲಿ ಐದು ಹತ್ತು ನಿಮಿಷವೂ ಮುಖ್ಯ ಆಗುತ್ತದೆ.

ವಿದೇಶದಿಂದ ಬಂದು ದೇಶದೊಳಗಿನ ವಿಮಾನ ಹಿಡಿಯುವವರು ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಬೆಲ್ಟ್‌ನಲ್ಲಿ ಅಮ್ಮನ ದೊಡ್ಡ ಪೆಟ್ಟಿಗೆ ಬರಲಿಲ್ಲ. ನೇಮಕ್ಕೆ ಉಡಬೇಕು ಎಂದಿದ್ದ ಸೀರೆ ಅದರಲ್ಲೇ ಇತ್ತು. "ಮಂಗಳೂರಿಗೆ ಹೋಗಿ ಅಲ್ಲಿ ದೂರು ಕೊಡಿ, ಇಲ್ಲಿ ತಡ ಆಗುತ್ತದೆ" ಎಂದು ಅಲ್ಲಿದ್ದವರು ಸಲಹೆ ಕೊಟ್ಟರು. ನಾನು ಕದಲಲಿಲ್ಲ. ಬ್ಯಾಗ್ ಬಾರದ ಜಾಗದಲ್ಲೇ ಪಿಐಆರ್ ಬರೆಸಬೇಕು, ಕಸ್ಟಮ್ಸ್ ದಾಟುವ ಮುಂಚೆಯೇ. ಪಿಐಆರ್ ಎಂದರೆ ಸಾಮಾನು ಬಂದಿಲ್ಲ ಅಥವಾ ಹಾಳಾಗಿದೆ ಎಂಬ ವರದಿ. ಅದರ ಸಂಖ್ಯೆ ಇಲ್ಲದಿದ್ದರೆ ಮುಂದೆ ಪ್ರತಿ ಹೆಜ್ಜೆಗೂ ಕಷ್ಟ. ಜೊತೆಗೆ ಇನ್ನೊಂದು ಕೆಲಸ ಇದೆ, ಇದು ಹಲವರಿಗೆ ಗೊತ್ತಿಲ್ಲ: ಬ್ಯಾಗ್ ಬಂದಿಲ್ಲ ಎಂದು ವಿಮಾನ ಸಂಸ್ಥೆಯಿಂದ ಪ್ರಮಾಣಪತ್ರ ಪಡೆದು, ನಿಮ್ಮ ಸುಂಕ ವಿನಾಯಿತಿಯಲ್ಲಿ ಎಷ್ಟು ಉಳಿದಿದೆ ಎಂದು ಕಸ್ಟಮ್ಸ್ ಅಧಿಕಾರಿಯಿಂದ ಅದರ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಆಗ ಪೆಟ್ಟಿಗೆ ಹಿಂದಿನಿಂದ ಬಂದರೂ ವಿನಾಯಿತಿ ಕೈ ತಪ್ಪುವುದಿಲ್ಲ.

ಹೊರಗೆ ಬರುವಷ್ಟರಲ್ಲಿ ಮಂಗಳೂರಿನ ವಿಮಾನ ಹೋಗಿತ್ತು. ದೇಶಿ ವಿಮಾನದ ಕೌಂಟರ್‌ನಲ್ಲಿ "ನೀವು ಬರಲಿಲ್ಲ ಅಂತ ದಾಖಲಾಗಿದೆ, ಹೊಸ ಟಿಕೆಟ್ ತೆಗೆಯಿರಿ" ಎಂದರು. ನಮ್ಮನ್ನು ಕರೆತಂದ ಸಂಸ್ಥೆಯ ಕೌಂಟರ್‌ನಲ್ಲಿ "ಮುಂಬೈವರೆಗೆ ಮಾತ್ರ ನಮ್ಮ ಜವಾಬ್ದಾರಿ" ಎಂದರು. ಎರಡು ಕೌಂಟರ್ ನಡುವೆ ಅಮ್ಮನನ್ನು ಒಂದು ಕುರ್ಚಿಯಲ್ಲಿ ಕೂರಿಸಿ ನಾನು ಆಚೀಚೆ ಓಡಾಡಿದೆ. ಬುಕ್ ಆಗಿದ್ದ ವ್ಹೀಲ್‌ಚೇರ್ ಅಲ್ಲಿಯೂ ಬರಲಿಲ್ಲ.

ಅಲ್ಲಿ ಕೆಲಸಕ್ಕೆ ಬಂದದ್ದು ಒಂದೇ ಮಾತು. ಇ-ಟಿಕೆಟ್ ತೋರಿಸಿ, ಎರಡೂ ಪ್ರಯಾಣ ಒಂದೇ ಪಿಎನ್‌ಆರ್‌ನಲ್ಲಿ ಇರುವುದನ್ನು ಬೆರಳಿಟ್ಟು ತೋರಿಸಿ, "ಆಗುವುದಿಲ್ಲ ಎನ್ನುವುದಾದರೆ ಆಗುವುದಿಲ್ಲ ಎಂದು ಬರೆದು, ಹೆಸರು, ಸಮಯ ಹಾಕಿ ಕೊಡಿ" ಎಂದೆ. ದನಿ ಏರಿಸಲಿಲ್ಲ. ಕೌಂಟರ್‌ನಲ್ಲಿ ಇರುವ ಹುಡುಗ ಹುಡುಗಿಯರಿಗೆ ಅಧಿಕಾರ ಕಡಿಮೆ, ಅವರ ಮೇಲೆ ಕೂಗಾಡಿ ಏನೂ ಸಿಗುವುದಿಲ್ಲ. ಆದರೆ "ಇಲ್ಲ" ಎಂದು ಬರೆದು ಸಹಿ ಹಾಕಲು ಯಾರೂ ತಯಾರಿಲ್ಲ. ಅದಕ್ಕಾಗಿ ಒಳಗಿನಿಂದ ಡ್ಯೂಟಿ ಮ್ಯಾನೇಜರ್ ಬಂದರು. ಬಂದವರು ಮರುದಿನದ ವಿಮಾನಕ್ಕೆ ದುಡ್ಡಿಲ್ಲದೆ ಟಿಕೆಟ್ ಬದಲಿಸಿಕೊಟ್ಟರು. ಅದೇ ದಿನದ ವಿಮಾನದಲ್ಲಿ ಸೀಟು ಇಲ್ಲ ಎಂದರು.

ಮತ್ಸ್ಯಗಂಧ ರೈಲಿನಲ್ಲಿ ಹೋಗೋಣವೇ ಎಂದೂ ಯೋಚಿಸಿದೆ. ಮಧ್ಯಾಹ್ನ ಮುಂಬೈ ಬಿಟ್ಟರೆ ಉಡುಪಿ ಮುಟ್ಟುವುದು ಮರುದಿನ ಬೆಳಗ್ಗೆ. ನೇಮ ಅದೇ ರಾತ್ರಿ. ರೈಲು ಹಿಡಿದರೂ ಪ್ರಯೋಜನ ಇರಲಿಲ್ಲ.

ಹೋಟೆಲ್ ಕೊಡಿಸಲು ಒಪ್ಪಲಿಲ್ಲ. ನಾವೇ ಹತ್ತಿರದಲ್ಲಿ ರೂಮು ಮಾಡಿ, ರೂಮು, ಟ್ಯಾಕ್ಸಿ, ಊಟ ಎಲ್ಲದಕ್ಕೂ ಬಿಲ್ ತೆಗೆದುಕೊಂಡೆ. ರಾತ್ರಿ ಅಣ್ಣ ವಿಡಿಯೊ ಕಾಲ್ ಮಾಡಿ ನೇಮ ತೋರಿಸಿದ. ಅಮ್ಮ ಮೊಬೈಲಿಗೆ ಕೈ ಮುಗಿದರು. ದೈವದ ಎದುರು ನಿಂತು ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುವುದೇ ಬೇರೆ ಅಲ್ವಾ? ಅದಕ್ಕೆ ಯಾವ ನಿಯಮದಲ್ಲೂ ಪರಿಹಾರ ಇಲ್ಲ.

ಮರುದಿನ ಬಜಪೆಯಲ್ಲಿ ಇಳಿದು ಕಟೀಲು, ಕಿನ್ನಿಗೋಳಿ, ಮೂಲ್ಕಿ ದಾರಿಯಾಗಿ ಮನೆ ಸೇರಿದೆವು. ಪತ್ರ ಬರೆಯುವ ಕೆಲಸ ಮನೆಯಲ್ಲಿ ಕೂತು ಶುರು ಮಾಡಿದೆ.

ತಡಕ್ಕೆ ಒಂದು ಪತ್ರ, ಬ್ಯಾಗಿಗೆ ಇನ್ನೊಂದು, ವ್ಹೀಲ್‌ಚೇರ್‌ಗೆ ಮತ್ತೊಂದು. ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಕೊಟ್ಟು ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ತಡದ ಪತ್ರ ಒಂದೇ ಪುಟ. ಪಿಎನ್‌ಆರ್, ವಿಮಾನ ಸಂಖ್ಯೆ, ಮಂಗಳೂರಿಗೆ ಬರಬೇಕಿದ್ದ ಹೊತ್ತು, ಬಂದ ಹೊತ್ತು, ಕೇಳುವ ಮೊತ್ತ, ಬ್ಯಾಂಕ್ ವಿವರ, ಉತ್ತರಕ್ಕೆ ಗಡುವು. ಪಟ್ಟ ಪಾಡಿನ ವರ್ಣನೆ ಹಾಕಲಿಲ್ಲ. 3,500 ಕಿಲೋಮೀಟರ್‌ಗಿಂತ ದೂರದ ಪ್ರಯಾಣದಲ್ಲಿ ಕೊನೆಯ ಊರಿಗೆ ನಾಲ್ಕು ಗಂಟೆ ಅಥವಾ ಅದಕ್ಕಿಂತ ತಡವಾಗಿ ಮುಟ್ಟಿದರೆ ತಲೆಗೆ 600 ಯೂರೊ. ಇಲ್ಲಿ ಕೊನೆಯ ಊರು ಮಂಗಳೂರು, ಮುಂಬೈ ಅಲ್ಲ. ಮುಂದಿನ ವಿಮಾನ ತಪ್ಪಿದವರ ಬಗ್ಗೆ ಐರೋಪ್ಯ ನ್ಯಾಯಾಲಯ 2013ರಲ್ಲಿ ಕೊಟ್ಟ ತೀರ್ಪು ಇದನ್ನೇ ಹೇಳುತ್ತದೆ. ಅಮ್ಮನ ಹೆಸರಿನಲ್ಲಿ ಬೇರೆ ಅರ್ಜಿ ಹಾಕಿ, ಹಣ ನನ್ನ ಖಾತೆಗೆ ಬರಲಿ ಎಂದು ಅವರ ಸಹಿಯ ಒಪ್ಪಿಗೆ ಪತ್ರ ಲಗತ್ತಿಸಿದೆ.

ಬಂದ ಉತ್ತರ ಅಚ್ಚು ಹಾಕಿದ ಹಾಗಿತ್ತು. "ಅಸಾಧಾರಣ ಪರಿಸ್ಥಿತಿ, ಪರಿಹಾರ ಅನ್ವಯಿಸುವುದಿಲ್ಲ, ಸೌಜನ್ಯಕ್ಕಾಗಿ ಒಂದು ವೋಚರ್." ವೋಚರ್ ಒಪ್ಪಬೇಡಿ. ಪ್ರಯಾಣಿಕರು ಸಹಿ ಹಾಕಿ ಒಪ್ಪದ ಹೊರತು ಪರಿಹಾರ ಹಣದಲ್ಲೇ ಕೊಡಬೇಕು ಎಂದು ಅದೇ ನಿಯಮದಲ್ಲಿದೆ. ಇನ್ನು ವಿಮಾನದ ಮಾಮೂಲಿ ತಾಂತ್ರಿಕ ದೋಷ ಅಸಾಧಾರಣ ಪರಿಸ್ಥಿತಿ ಅಲ್ಲ ಎಂದು 2008ರಲ್ಲೇ ತೀರ್ಪು ಬಂದಿದೆ. ಇವೆರಡನ್ನೂ ಬರೆದು, ಗೇಟಿನಲ್ಲಿ "ತಾಂತ್ರಿಕ" ಎಂದು ಬರೆಸಿಕೊಂಡಿದ್ದ ಹಾಳೆಯ ಫೋಟೊ ಲಗತ್ತಿಸಿದೆ. ಆಮೇಲೆ ಮೌನ. ಎರಡು ತಿಂಗಳು ಕಳೆದ ಮೇಲೆ ಜರ್ಮನಿಯ ಪ್ರಯಾಣ ಮಧ್ಯಸ್ಥಿಕೆ ಸಂಸ್ಥೆಗೆ ದೂರು ಕೊಟ್ಟೆ. ಪ್ರಯಾಣಿಕರಿಗೆ ಅದು ಉಚಿತ. ಅಲ್ಲಿಂದ ಶಿಫಾರಸು ಹೋದ ಮೇಲೆ ಇಬ್ಬರದೂ ಪೂರ್ತಿ ಹಣ ಬಂತು, ಹೋಟೆಲ್ ಖರ್ಚೂ ಬಂತು. ಪೇಟೆಯಲ್ಲಿ ಕಮಿಷನ್ ತೆಗೆದುಕೊಂಡು ಈ ಕೆಲಸ ಮಾಡಿಕೊಡುವ ಕಂಪನಿಗಳಿವೆ. ದಾಖಲೆ ಕೈಯಲ್ಲಿದ್ದರೆ ಅವರಿಗೆ ಪಾಲು ಕೊಡುವ ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಗಲ್ಫ್‌ನಿಂದ ಬರುವವರಿಗೆ ಈ 600 ಯೂರೊ ನಿಯಮ ಸಿಗುವುದಿಲ್ಲ. ನಾವು ಇಲ್ಲಿಂದ ಯುರೋಪಿಗೆ ಹೋಗುವಾಗಲೂ ಯುರೋಪಿನದೇ ವಿಮಾನ ಸಂಸ್ಥೆ ಆಗಿದ್ದರೆ ಮಾತ್ರ ಸಿಗುತ್ತದೆ. ಆದರೆ ಬ್ಯಾಗಿನ ವಿಷಯದಲ್ಲಿ 1999ರ ಮಾಂಟ್ರಿಯಲ್ ಒಪ್ಪಂದ ಎಂಬ ಅಂತರರಾಷ್ಟ್ರೀಯ ಒಪ್ಪಂದ ಅವರಿಗೂ ಇದೆ. ಭಾರತ 2009ರಲ್ಲಿ ಅದಕ್ಕೆ ಸೇರಿತು. ಬ್ಯಾಗ್ ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನದೊಳಗೆ. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತು ಎಂದೇ ಲೆಕ್ಕ ಹಿಡಿದು ಪರಿಹಾರ ಕೇಳಬಹುದು. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ತಲೆಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ), ನಮ್ಮ ಲೆಕ್ಕದಲ್ಲಿ ಒಂದೂಮುಕ್ಕಾಲು ಲಕ್ಷ ರೂಪಾಯಿಯ ಆಚೀಚೆ. ಇದು ಮಿತಿ ಅಷ್ಟೆ. ನಷ್ಟ ಎಷ್ಟು ಎಂದು ನಾವೇ ತೋರಿಸಬೇಕು.

ಅಮ್ಮನ ಪೆಟ್ಟಿಗೆ ತಡವಾಗಿ ಮಂಗಳೂರು ಮುಟ್ಟಿತು. "ಬಂದು ತೆಗೆದುಕೊಂಡು ಹೋಗಿ" ಎಂದು ಫೋನ್ ಬಂತು. ಉಡುಪಿಯಿಂದ ಹೋಗಿ ಬರಲು ಅರ್ಧ ದಿನ ಬೇಕು. ಮನೆಗೇ ತಲುಪಿಸಿ ಎಂದು ಇಮೇಲ್ ಮಾಡಿದೆ, ತಲುಪಿಸಿದರು. ಒಂದು ಚಕ್ರ ಕಿತ್ತಿತ್ತು, ಬೀಗ ಒಡೆದಿತ್ತು. ತಂದುಕೊಟ್ಟವನ ರಸೀದಿಯ ಮೇಲೆ "ಚಕ್ರ ಮುರಿದಿದೆ, ಬೀಗ ಒಡೆದಿದೆ" ಎಂದು ಬರೆದ ನಂತರವೇ ಸಹಿ ಹಾಕಿದೆ. ಅವತ್ತೇ ರಾತ್ರಿ ಫೋಟೊ ಸಮೇತ ದೂರು ಹೋಯಿತು. ಪೆಟ್ಟಿಗೆ ಇಲ್ಲದ ದಿನಗಳಲ್ಲಿ ಅಮ್ಮನಿಗೆ ಕೊಂಡ ಸೀರೆ, ಚಪ್ಪಲಿ, ಕನ್ನಡಕದ ಪ್ರಿಂಟೆಡ್ ಬಿಲ್‌ಗಳನ್ನೂ ಹಾಕಿದೆ. ಮಾತ್ರೆಗಳು ಕೈಚೀಲದಲ್ಲೇ ಇದ್ದದ್ದರಿಂದ ಅದೊಂದು ಆತಂಕ ಇರಲಿಲ್ಲ. ಈ ಹಣ ಪೂರ್ತಿ ಬರಲಿಲ್ಲ. ಪೆಟ್ಟಿಗೆ ಹಳೆಯದು ಎಂದು ಒಂದಿಷ್ಟು ಕಡಿತ ಮಾಡಿದರು. ಬಿಲ್ ಇದ್ದ ವಸ್ತುಗಳಿಗೆ ಕೊಟ್ಟರು.

ವ್ಹೀಲ್‌ಚೇರ್ ದೂರಿಗೆ ಮಾತ್ರ "ವಿಷಾದಿಸುತ್ತೇವೆ" ಎಂಬ ಒಂದು ಸಾಲು ಬಂದಿದೆ. ಮುಂಬೈಯಲ್ಲಿ ಆದದ್ದನ್ನು ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದಾಖಲಿಸಿದೆ. ಅಲ್ಲೂ ಸರಿಯಾದ ಉತ್ತರ ಸಿಗದೆ ದೂರು ಮುಚ್ಚಿಹೋಯಿತು. ಅದನ್ನು ಇಲ್ಲಿಗೇ ಬಿಡಲು ನನಗೆ ಮನಸ್ಸಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮುಂಬೈಗೆ ಹೋಗಬೇಕಾಗಿಲ್ಲ. ಎರಡು ವರ್ಷದ ಅವಧಿ ಇದೆ. ಟಿಕೆಟ್‌ಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅಮ್ಮನ ಹೆಸರಿನಲ್ಲಿ ಉಡುಪಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುವ ಅರ್ಜಿ ಬರೆದಾಗಿದೆ. ಮಂಡಿನೋವಿನ ಬಗ್ಗೆ ವೈದ್ಯರ ಪತ್ರ ಒಂದು ಬಾಕಿ ಇದೆ, ಅದು ಸಿಕ್ಕಿದ ಕೂಡಲೇ ಸಲ್ಲಿಸುತ್ತೇವೆ.