ಗಾಡಿಯಡಿಯ ಪೆಟ್ಟಿಗೆ ಜಾರದ ಹಾಗೆ ಕೂರಿಸುವುದು ಹೇಗೆ?

ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ. ರೈಲು ಹತ್ತಬೇಕಾದರೆ ಮೈಸೂರಿಗೋ, ತಲಶ್ಶೇರಿಗೋ, ಕಣ್ಣೂರಿಗೋ ಹೋಗಬೇಕು. ನಾನು ಮಾತ್ರ ಕೆಲಸದ ವರ್ಷಗಳನ್ನೆಲ್ಲ ರೈಲು ಬೋಗಿಗಳ ಹೊಟ್ಟೆಯಡಿಯಲ್ಲೇ ಕಳೆದೆ, ಪೆಟ್ಟಿಗೆ ತೂಗುಹಾಕುತ್ತಾ. ಊರಿಗೆ ಬಂದು ನೋಡಿದರೆ ನಮ್ಮ ತೋಟದ ಜೀಪು, ಪಿಕಪ್‌ಗಳಿಗೂ ಅದೇ ಕೆಲಸ ಬೇಕಾಗಿದೆ. ಸ್ಪ್ರೇ ಪಂಪಿನ ಬ್ಯಾಟರಿಗೆ ಒಂದು ಪೆಟ್ಟಿಗೆ, ಸಾಮಾನಿಗೆ ಇನ್ನೊಂದು.

ಮಳೆಗಾಲಕ್ಕೆ ಮುಂಚೆ ಪರಿಚಯದವರೊಬ್ಬರ ಪಿಕಪ್‌ನ ಪೆಟ್ಟಿಗೆ ತೋಟದ ಏರಿನಲ್ಲಿ ಕಲ್ಲಿಗೆ ಬಡಿದು ಬ್ಯಾಟರಿ ಒಡೆಯಿತು. ಬಗ್ಗಿ ನೋಡಿದೆ. ಒಂದು ಬೋಲ್ಟೂ ಮುರಿದಿರಲಿಲ್ಲ. ಉದ್ದ ತೂತುಗಳ, ಅಂದರೆ ಸ್ಲಾಟುಗಳ, ಮೇಲ್ತುದಿಯಲ್ಲಿ ನಾಲ್ಕೂ ಬೋಲ್ಟುಗಳು ಸಿಕ್ಕಿಕೊಂಡಿದ್ದವು. ವಾಷರಿನ ಅಡಿಯಲ್ಲಿ ಬಣ್ಣ ಎದ್ದುಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಪೆಟ್ಟಿಗೆ ದಿನಕ್ಕಿಷ್ಟು ಅಂತ ಕೆಳಗೆ ಜಾರಿತ್ತು.

ಮೊದಲು ಜಾಗ. ಎರಡು ಆಕ್ಸಲ್‌ಗಳ ನಡುವೆ, ಸೈಲೆನ್ಸರಿನಿಂದ ದೂರ. ನೆಲದಿಂದ ಎತ್ತರ ಅಳೆಯುವಾಗ ಗಾಡಿಗೆ ಲೋಡ್ ಹಾಕಿಯೇ ಅಳೆಯಿರಿ.

ಎರಡನೆಯದು ಬ್ರಾಕೆಟ್, ಅಂದರೆ ಪೆಟ್ಟಿಗೆಯನ್ನು ಗಾಡಿಗೆ ಹಿಡಿದಿಡುವ ಉಕ್ಕಿನ ತುಂಡು. ಚಾಸಿಯಲ್ಲಿ, ಅಂದರೆ ಗಾಡಿಯಡಿಯ ಉಕ್ಕಿನ ಚೌಕಟ್ಟಿನಲ್ಲಿ, ಕಂಪನಿಯವರೇ ಬಿಟ್ಟ ತೂತು ಇದ್ದರೆ ಅದನ್ನೇ ಬಳಸಿ. ಕೊರೆಯಲೇಬೇಕಾದರೆ ನಿಂತ ತಗಡಿನ ನಡುವೆ ಕೊರೆಯಿರಿ. ಮೇಲಿನ, ಕೆಳಗಿನ ಮಡಿಕೆಗಳನ್ನು ಮುಟ್ಟಬೇಡಿ, ಭಾರದ ಎಳೆತ ಬೀಳುವುದು ಅಲ್ಲೇ. ಚಾಸಿಗೆ ವೆಲ್ಡಿಂಗ್ ಬೇಡವೇ ಬೇಡ. "ಒಂದು ಟ್ಯಾಕ್ ಹಾಕಿದ್ರೆ ಸಾಕು ಸಾರ್" ಅಂತಾರೆ, ಒಪ್ಪಬೇಡಿ.

ಇನ್ನು ಎತ್ತರ ಹೊಂದಿಸುವುದು. ಎಲ್ಲರೂ ಎಡವುವುದು ಇಲ್ಲೇ. ಸ್ಲಾಟ್ ಇರುವುದು ಪೆಟ್ಟಿಗೆಯನ್ನು ಹೊಂದಿಸುವುದಕ್ಕೆ, ಹೊರುವುದಕ್ಕಲ್ಲ. ಸ್ಲಾಟಿನಲ್ಲಿ ಬೋಲ್ಟ್ ಬಿಗಿದಾಗ ಪೆಟ್ಟಿಗೆಯನ್ನು ಹಿಡಿದಿಡುವುದು ಎರಡು ತಗಡುಗಳ ಉಜ್ಜುವಿಕೆ ಮಾತ್ರ. ನಡುವೆ ದಪ್ಪ ಬಣ್ಣ ಇದ್ದರೆ ಅದು ಸವೆಯುತ್ತದೆ, ಬಿಗಿ ಸಡಿಲುತ್ತದೆ. ಆಮೇಲೆ ನಮ್ಮ ರಸ್ತೆಯ ಗುಂಡಿಗಳು ಉಳಿದ ಕೆಲಸ ಮುಗಿಸುತ್ತವೆ. ರೈಲಿನಲ್ಲಿ ಹೇಗಿದೆ ನೋಡಿ. ಎಲ್‌ಎಚ್‌ಬಿ ಅನ್ನುವ ಹೊಸ ಮಾದರಿ ಬೋಗಿಯ ಹೊಸ ಚಕ್ರದ ವ್ಯಾಸ 915 ಮಿ.ಮೀ. ಸವೆದು 845ಕ್ಕೆ ಬರುವಷ್ಟರಲ್ಲಿ ಬೋಗಿ 35 ಮಿ.ಮೀ. ತಗ್ಗುತ್ತದೆ. ಅದನ್ನು ಮತ್ತೆ ಎತ್ತುವುದು ಅಡಿಗೆ ಗಟ್ಟಿ ಪ್ಯಾಕಿಂಗ್ ತುಂಡು ಕೊಟ್ಟು. ಬರೀ ಬೋಲ್ಟಿನ ಬಿಗಿಯನ್ನು ಅಲ್ಲಿ ಯಾರೂ ನಂಬುವುದಿಲ್ಲ.

ಹಾಗಾಗಿ ಪೆಟ್ಟಿಗೆ ಕೂರಲು ಆಂಗ್ಲಿನ, ಅಂದರೆ ಎಲ್ ಆಕಾರದ ಕಬ್ಬಿಣದ, ತೊಟ್ಟಿಲು ಮಾಡಿಸಿ. ಪ್ರತಿ ಬ್ರಾಕೆಟ್ಟಿನ ಕೆಳಗೆ ಒಂದು ಸಣ್ಣ ತುಟಿ ಇರಲಿ. ತುಟಿಯ ವೆಲ್ಡಿಂಗನ್ನು ಬ್ರಾಕೆಟ್ ಗಾಡಿಗೆ ಹತ್ತುವ ಮೊದಲೇ ಮುಗಿಸಿ. ತುಟಿಯೊಳಗಿಂದ ಮೇಲಕ್ಕೆ ಒಂದು ಬೋಲ್ಟ್ ಬರಲಿ, ಅದಕ್ಕೊಂದು ಲಾಕ್ ನಟ್. ತೊಟ್ಟಿಲಿನ ಕಾಲು ಆ ಬೋಲ್ಟಿನ ಮೇಲೆ ಕೂರಬೇಕು. ಬೋಲ್ಟ್ ತಿರುಗಿಸಿದರೆ ಪೆಟ್ಟಿಗೆ ಕೂದಲೆಳೆಯಷ್ಟು ಏರುತ್ತದೆ, ಇಳಿಯುತ್ತದೆ. ಭಾರ ಅದರ ಮೇಲೆ. ಸ್ಲಾಟಿನ ಬೋಲ್ಟ್ ಬರೀ ಒತ್ತಿ ಹಿಡಿಯುತ್ತದೆ. ಪಟ್ಟಾ ಸ್ಪ್ರಿಂಗು ವರ್ಷ ಕಳೆದಂತೆ ಕುಸಿದರೂ ಅರ್ಧ ಗಂಟೆಯಲ್ಲಿ ಎತ್ತರ ಸರಿ ಮಾಡಬಹುದು.

12 ಮಿ.ಮೀ. ಬೋಲ್ಟಿಗೆ ಸ್ಲಾಟಿನ ಅಗಲ 13 ಇದ್ದರೆ ಸಾಕು. ವಾಷರ್ ದಪ್ಪ ಇರಲಿ, ಸ್ಲಾಟಿನ ಎರಡೂ ಬದಿ ಚೆನ್ನಾಗಿ ಆವರಿಸಲಿ. ತೆಳು ವಾಷರ್ ಬಟ್ಟಲಿನ ಹಾಗೆ ಒಳಗೆ ಬಗ್ಗುತ್ತದೆ. ಬೋಲ್ಟಿನ ತಲೆಯ ಮೇಲೆ 8.8 ಅಂತ ಅಚ್ಚು ಇರಬೇಕು, ಅದು ಬೋಲ್ಟಿನ ಬಲದ ಗುರುತು. ತೂಕಕ್ಕೆ ಸಿಗುವ ಗುರುತಿಲ್ಲದ ಬೋಲ್ಟ್ ತರಬೇಡಿ. ಸ್ಪ್ರಿಂಗ್ ವಾಷರನ್ನು ನಾನು ನಂಬುವುದೇ ಇಲ್ಲ, ಎರಡು ನಟ್ ಹಾಕಿ. ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ ಆದರೆ ಪ್ರತಿ ಸಲ ಹೊಸದು.

ಮೂರು ಬೋಲ್ಟ್ ಬಿಗಿದು, ನಾಲ್ಕನೆಯದನ್ನು ಸಡಿಲ ಬಿಟ್ಟು ನೋಡಿ. ಅಲ್ಲಿ ಕಾಗದ ನುಗ್ಗುವಷ್ಟು ಸಂದು ಇದ್ದರೆ ಹಾಗೇ ಎಳೆದು ಬಿಗಿಯಬೇಡಿ, ಪೆಟ್ಟಿಗೆಯ ಮೂಲೆ ಸೀಳುತ್ತದೆ. ಉಕ್ಕಿನ ಶಿಮ್, ಅಂದರೆ ತೆಳು ತಗಡು, ತುಂಬಿ. ಟ್ಯೂಬಿನ ತುಂಡು, ರಟ್ಟು ಎಲ್ಲ ಒಂದೇ ಮಳೆಗೆ ಹಪ್ಪಳ. ಆಮೇಲೆ ಒಂದು ಮುಂದಿನ ಚಕ್ರವನ್ನು ದಪ್ಪ ಕಲ್ಲಿನ ಮೇಲೆ ಹತ್ತಿಸಿ. ಚಾಸಿ ತಿರುಚಿಕೊಳ್ಳುತ್ತದೆ, ಆದರೆ ಪೆಟ್ಟಿಗೆ ಅದರ ಜೊತೆ ತಿರುಚಬಾರದು. ತಿರುಚಿದರೆ ನಾಲ್ಕು ಕಡೆಯ ಹಿಡಿತ ಬಿಟ್ಟು ಮೂರೇ ಕಡೆ ಮಾಡಿ, ಒಂದಕ್ಕೆ ರಬ್ಬರ್ ಬುಷ್ ಕೊಡಿ.

ಪೆಟ್ಟಿಗೆಯ ಸುತ್ತ ಒಂದು ಉಕ್ಕಿನ ಪಟ್ಟಿ ಹಾಕಿ ಚಾಸಿಗೆ ಬೇರೆಯಾಗಿ ಕಟ್ಟಿ. ಬೋಲ್ಟ್ ಬಿಟ್ಟರೂ ಪೆಟ್ಟಿಗೆ ರಸ್ತೆಗೆ ಬೀಳಬಾರದಲ್ವಾ? ತಳದಲ್ಲಿ ನೀರು ಇಳಿಯಲು ತೂತು ಇರಲಿ.

ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಸುಣ್ಣದ ಸಿಂಪಡಣೆ ಔಷಧ, ಸಾಗಿಸುವ ಗಾಡಿಯಾದರೆ ಇನ್ನೊಂದು ಮಾತು. ಮೈಲುತುತ್ತದ ನೀರು ಕಬ್ಬಿಣವನ್ನು ತಿನ್ನುತ್ತದೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬೇಡಿ ಅನ್ನುವುದು ಅದಕ್ಕೇ. ಸಿಂಪಡಿಸಿ ಬಂದ ಸಂಜೆಯೇ ಬೋಲ್ಟುಗಳ ಮೇಲೆ ಒಳ್ಳೆಯ ನೀರು ಹಾಕಿ ತೊಳೆಯಿರಿ, ಒಣಗಿದ ಮೇಲೆ ಬೋಲ್ಟಿನ ತಿರುಪುಗೆರೆಗಳಿಗೆ ಗ್ರೀಸ್ ಸವರಿ.

ಕೊನೆಗೆ ನಟ್‌ನಿಂದ ಬ್ರಾಕೆಟ್ಟಿನವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ತೊಟ್ಟಿಲಿನ ಕಾಲಿನ ಅಂಚಿನಲ್ಲೂ ಒಂದು. ಮೊದಲ 50 ಕಿ.ಮೀ. ಓಡಿದ ಮೇಲೆ ಟಾರ್ಚ್ ಹಿಡಿದು ನೋಡಿ. ನಟ್ಟಿನ ಗೆರೆ ಒಡೆದಿದ್ದರೆ ನಟ್ ತಿರುಗಿದೆ. ಕಾಲಿನ ಗೆರೆ ಒಡೆದಿದ್ದರೆ ಕೆಳಗಿನ ಬೋಲ್ಟ್ ಭಾರ ಹೊರುತ್ತಿಲ್ಲ. ಸ್ಲಾಟಿನ ಬೋಲ್ಟ್ ಸಡಿಲಿಸಿ, ಕಾಲಿಗೆ ತಾಗುವವರೆಗೆ ಕೆಳಗಿನ ಬೋಲ್ಟನ್ನು ಏರಿಸಿ, ಮತ್ತೆ ಬಿಗಿಯಿರಿ.